ಅಕ್ಕ ಹೇಳಿದ ರುಚಿ

ಮೊನ್ನೆ ಮಂಡ್ಯದಲ್ಲಿ ಮೀನಿನ ಅಂಗಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲೇ ಒಂದು ದ್ರಾಕ್ಷಿ ಗಾಡಿ. ಮಾರಾಟವಾಗದೆ ಉಳಿದ ಹಣ್ಣು ಬಿಸಿಲಿಗೆ ಒಡೆದು, ರಸ ಸೋರಿ, ಹುಳಿ ಹಿಡಿದ ವಾಸನೆ ಬರುತ್ತಿತ್ತು. ಇತ್ತ ಐಸಿನ ಮೇಲೆ ಹರಡಿದ ಮೀನಿನ ವಾಸನೆ. ಇವೆರಡೂ ಬೇರೆ ಬೇರೆಯಾಗಿ ಬಂದರೆ ನನಗೇನೂ ಆಗುವುದಿಲ್ಲ. ಒಟ್ಟಿಗೆ ಬಂದರೆ ಮಾತ್ರ ಅಲ್ಲಿ ನಿಲ್ಲಲಾಗುವುದಿಲ್ಲ. ಮೀನಿನವನು ಕೊಟ್ಟ ಚೀಲ ಇಸಕೊಂಡು ಬಸ್ ಸ್ಟ್ಯಾಂಡಿನ ಕಡೆ ಬೇಗ ಬೇಗ ನಡೆದೆ. ಯಾಕೆ ಅಂತ ನಿಮಗೆ ತಿಳಿಯಬೇಕಾದರೆ ನಮ್ಮ ಭಾವನ ವಿಷಯ ಹೇಳಬೇಕು.

ಭಾವ ಅಂದರೆ ನಮ್ಮಕ್ಕನ ಗಂಡ. ಮಳವಳ್ಳಿಯ ಆಚೆ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಮೆಷಿನ್ನುಗಳ ಉಸ್ತುವಾರಿ. ಮಕ್ಕಳಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಅವರಿಬ್ಬರೇ. ದಿನವಿಡೀ ಮೆಷಿನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ, ಮನೆಯಲ್ಲೂ ದೊಡ್ಡ ಗಂಟಲು. ಊಟಕ್ಕೆ ಕೂತರೆ ಮುಗಿಯಿತು. ಕೆಲವರು ತಿನ್ನುವಾಗ ಮಾತು ನಿಲ್ಲಿಸುತ್ತಾರೆ, ನಮ್ಮ ಭಾವ ಆಗಲೇ ಶುರು ಮಾಡುತ್ತಿದ್ದರು. ಇವತ್ತಿನ ಸಾರಿಗೂ ಹೋದ ವಾರದ ಸಾರಿಗೂ ಏನು ವ್ಯತ್ಯಾಸ, ಕೊತ್ತಂಬರಿ ಬೀಜ ಒಂದು ಕ್ಷಣ ಹೆಚ್ಚು ಹುರಿದಿದೆಯೋ ಹೇಗೆ, ಹೊಳೆ ಮೀನಿಗೂ ಸಮುದ್ರದ ಮೀನಿಗೂ ಮುಳ್ಳಿನ ಹತ್ತಿರ ರುಚಿ ಹೇಗೆ ಬೇರೆ, ಇದೆಲ್ಲ ವಿವರಿಸುತ್ತ ತಿನ್ನುತ್ತಿದ್ದರು. ಕೇಳುತ್ತ ಕೂತ ನನಗೆ ನನ್ನ ತಟ್ಟೆಯಲ್ಲಿದ್ದುದಕ್ಕಿಂತ ಅವರ ತಟ್ಟೆಯಲ್ಲಿದ್ದುದೇ ರುಚಿಯೆನಿಸುತ್ತಿತ್ತು. ಎರಡೂ ಒಂದೇ ಪಾತ್ರೆಯದು ಎಂಬುದು ಬೇರೆ ಮಾತು.

ಅವರ ಕಥೆಗಳಲ್ಲಿ ಪದೇ ಪದೇ ಬರುತ್ತಿದ್ದುದು ಒಂದು. ಯಾವಾಗಲೋ ಮೆಷಿನ್ ರಿಪೇರಿಗೆ ಹೊರದೇಶದ ಇಂಜಿನಿಯರುಗಳು ಬಂದು ಕೆಲವು ವಾರ ಇದ್ದರಂತೆ. ಅವರನ್ನು ನೋಡಿಕೊಳ್ಳುವ ಕೆಲಸ ಭಾವನದು. ಸಂಜೆ ಆ ಇಂಜಿನಿಯರುಗಳೇ ಮೀನು ಹುರಿದು, ನಿಂಬೆಹಣ್ಣು ಹಿಂಡಿ, ತಣ್ಣಗಿನ ಬಿಳಿ ವೈನ್ ಬಗ್ಗಿಸಿಕೊಂಡು ಒಂದು ಚೂರು ಮೀನು, ಒಂದು ಗುಟುಕು ವೈನ್ ಎಂದು ನಿಧಾನವಾಗಿ ತಿನ್ನುತ್ತಿದ್ದರಂತೆ. ಕೆಂಪು ವೈನ್ ಮೀನಿಗೆ ಸೇರುವುದಿಲ್ಲ, ಬಾಯಲ್ಲಿ ತುಕ್ಕಿನ ರುಚಿ ಉಳಿಯುತ್ತದೆ ಎಂದು ಅವರಲ್ಲೊಬ್ಬ ಒಂದು ತುಕ್ಕು ಹಿಡಿದ ಬೋಲ್ಟು ತೋರಿಸಿ ಅರ್ಥ ಮಾಡಿಸಿದ್ದನಂತೆ. ಭಾವನಿಗೂ ಲೋಟ ಮುಂದೆ ಹಿಡಿದರು. ಭಾವ ಮುಟ್ಟಲಿಲ್ಲ.

ಮುಟ್ಟದೆ ಇದ್ದದ್ದಕ್ಕೆ ಕಾರಣ ನಮ್ಮ ಮನೆ. ನಮ್ಮಪ್ಪ ಕುಡಿದು ಕುಡಿದೇ ಹೋದವರು. ಅದನ್ನೆಲ್ಲ ನೋಡಿ ಬೆಳೆದ ಅಕ್ಕ, ಮದುವೆಗೆ ಮುಂಚೆ ಭಾವನಿಗೆ ಒಂದೇ ಮಾತು ಹೇಳಿದ್ದಳು: ನನ್ನ ಹೊಸಿಲ ಒಳಗೆ ಆ ವಾಸನೆ ಬರಕೂಡದು. ಭಾವ ಹೊಸಿಲ ಹೊರಗೂ ಆ ಮಾತು ಉಳಿಸಿಕೊಂಡರು.

ಅಂಥವರ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು. ಬೀಡಿ ಇಲ್ಲ, ಹೊಗೆಸೊಪ್ಪು ಇಲ್ಲ, ಎಲೆಅಡಿಕೆ ಹಬ್ಬಕ್ಕೆ ಮಾತ್ರ. ಆದರೂ ಹುಣ್ಣು ಮಾಯಲಿಲ್ಲ. ಮೈಸೂರಿನ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ನಾಲಿಗೆಯ ಬಹುಪಾಲು ತೆಗೆಯದೆ ದಾರಿಯಿಲ್ಲ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಮಳವಳ್ಳಿ ದಾಟಿದ ಮೇಲೆ ಭಾವ ಕಿಟಕಿಯಿಂದ ಮುಖ ತಿರುಗಿಸಿ ಅಕ್ಕನಿಗೆ ಹೇಳಿದರು:

"ನಾಲ್ಗೆ ಓಗೋಕ್ ಮುಂಚೆ ಅದೊಂದ್ ರುಚಿ ನೋಡ್ಬುಡ್ತೀನಿ. ನೀನು ಊ ಅಂದ್ರೆ ಮಾತ್ರ."

ಯಾವ ರುಚಿ ಎಂದು ಅಕ್ಕ ಕೇಳಲಿಲ್ಲ. ಊ ಎಂದೂ ಅನ್ನಲಿಲ್ಲ. ಮಾರನೆಯ ದಿನ ನನಗೆ ಫೋನು ಮಾಡಿ, ಮೀನಿಗೆ ಹೊಂದುವಂಥ ವೈನು ನೋಡಿ ತಾ, ಯಾರಿಗೂ ಹೇಳಬೇಡ ಎಂದು ಇಟ್ಟುಬಿಟ್ಟಳು.

ನಾನು ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೂತು ಎದ್ದು ಬರುವ ಮನುಷ್ಯ. ವೈನಿನ ಬಗ್ಗೆ ನನಗೆ ಗೊತ್ತಿದ್ದುದು ಬೋರ್ಡಿನ ಮೇಲಿನ ಅಕ್ಷರ ಮಾತ್ರ. ನೀವು ಗಮನಿಸಿದ್ದೀರೋ ಇಲ್ಲವೋ, ನಮ್ಮ ಕಡೆ ವೈನ್ ಸ್ಟೋರಿನಲ್ಲಿ ಇಲ್ಲದ ಸರಕು ಅಂದರೆ ವೈನ್ ಒಂದೇ. ನಾನಿರುವ ಮದ್ದೂರಿನಲ್ಲಿ ಪರಿಚಯದವರು ನೋಡಿಯಾರು ಎಂದು ಮಳವಳ್ಳಿಗೆ ಹೋದೆ. ಅಂಗಡಿಯವನು ಒಂದು ಗಳಿಗೆ ನನ್ನನ್ನೇ ನೋಡಿ, ಮೇಲಿನ ಹಲಗೆಯಿಂದ ಧೂಳು ಹಿಡಿದ ಕೆಂಪು ಬಾಟಲಿ ಇಳಿಸಿ, ಮನೆಯಲ್ಲಿ ಬಾಣಂತಿ ಇದ್ದಾರಾ, ಮೈ ಬಿಸಿಯಾಗಲು ಕೊಡಲಿಕ್ಕಾ ಎಂದು ವಿಚಾರಿಸಿಕೊಂಡ. ಬಿಳಿಯದು ಬೇಕು, ಮೀನಿಗೆ ಎಂದೆ. ಪಕ್ಕದಲ್ಲಿ ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕಡೆಗೆ ಮಂಡ್ಯದ ಒಂದು ದೊಡ್ಡ ಅಂಗಡಿಯಲ್ಲಿ ಸಿಕ್ಕಿತು. ಅಲ್ಲೇ ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಲೋಟ ಅಲ್ಲಾಡಿಸಿ ಮೂಸಿ, ಹಸಿ ಹುಲ್ಲು ಕೊಯ್ದ ವಾಸನೆಯಿದೆ ಎನ್ನುತ್ತಿದ್ದ. ನಮ್ಮೂರಲ್ಲಿ ಅದು ಹಸುಗಳ ಪಾಲು. ಅಂತೂ ಹುರಿದ ಮೀನಿಗೆ ಸಿಹಿಯಿಲ್ಲದ ಬಿಳಿಯದು, ಖಾರದ ಸಾರಿಗೆ ಕೊಂಚ ಸಿಹಿಯದು ಎಂದು ಎರಡು ಬಾಟಲಿ ಆರಿಸಿ, ಕರಾವಳಿಯಿಂದ ಬಂದ ಅಂಜಲ್, ಬಂಗಡೆ ಮೀನು ಕಟ್ಟಿಸಿಕೊಂಡು ಬ್ಲಫ್ ಸೇರಿದೆ.

ಅಕ್ಕ ಬಾಟಲಿಗಳನ್ನು ನೋಡಿದಳು. ಏನೂ ಹೇಳದೆ ಅವನ್ನು ತಣ್ಣೀರಿನ ಬಕೆಟ್ಟಿನಲ್ಲಿ ತಾನೇ ಇಟ್ಟಳು. ಅಂಜಲ್ ಹುರಿದಳು, ಬಂಗಡೆ ಸಾರು ಮಾಡಿದಳು, ಮುದ್ದೆ ಕಟ್ಟಿದಳು. ಆ ಹೊತ್ತಿನಲ್ಲಿ ನಾನು ಮತ್ತೆ ಆ ವಿಡಿಯೋ ಹಾಕಿಕೊಂಡು ಭಾವನಿಗೆ ತೋರಿಸುತ್ತಿದ್ದೆ. ಬಿರಡೆ ತೆಗೆಯುವ ಸಾಧನ ತರುವುದನ್ನು ಮಾತ್ರ ನಾನು ಮರೆತಿದ್ದೆ. ಭಾವ ಬಿರಡೆಗೆ ಒಂದು ತಿರುಪು ಹಾಕಿ ಇಕ್ಕಳದಲ್ಲಿ ಎಳೆದರು. ಅದು ಚೂರೂ ಮುರಿಯದೆ ಬಂದಾಗ ಬಹಳ ದಿನದ ಮೇಲೆ ಅವರ ಮುಖ ಅರಳಿತು.

ಇನ್ನೂ ಬೆಳಕಿತ್ತು. ನೆಲದ ಮೇಲೆ ಕೂತೆವು. ಭಾವ ಒಂದು ಚೂರು ಮೀನು ಬಾಯಿಗಿಟ್ಟುಕೊಂಡು, ಸ್ಟೀಲ್ ಲೋಟ ಎತ್ತಿ ಒಂದು ಗುಟುಕು ತೆಗೆದುಕೊಂಡರು. ಅಷ್ಟೇ. ಕಣ್ಣು ಗಟ್ಟಿಯಾಗಿ ಮುಚ್ಚಿದರು; ಕುತ್ತಿಗೆಯ ನರ ಉಬ್ಬಿತು. ಹುಳಿ ಹುಣ್ಣಿಗೆ ಬಿದ್ದಿತ್ತು. ಉಗುಳಲಿಲ್ಲ, ನುಂಗಿದರು. ಇನ್ನೊಂದು ಬಾಟಲಿಯದನ್ನೂ ತುಟಿಗೆ ತಾಗಿಸಿ ನೋಡಿದರು. ಅದೂ ಉರಿಯಿತು. ಲೋಟ ಕೆಳಗಿಟ್ಟರು. ಇದನ್ನು ಯೋಚಿಸದೆ ಹೋದ ನಮ್ಮ ತಲೆಗೆ ಏನಾಗಿತ್ತೋ. ಆಮೇಲೆ ಲೋಟವನ್ನು ಅಕ್ಕನ ಕಡೆ ಸರಿಸಿದರು.

"ನೀನೇ ಒಸಿ ಕುಡ್ದು, ಎಂಗದೆ ಅಂತ ಯೋಳು."

ಅಕ್ಕ ಲೋಟವನ್ನು ನೋಡಿದಳು. ಅಪ್ಪನ ಬಾಯಿಂದ ಬರುತ್ತಿದ್ದ ವಾಸನೆಗೆ ಅವಳು ಸೆರಗು ಮುಚ್ಚಿಕೊಳ್ಳುತ್ತಿದ್ದುದನ್ನು ನಾನು ಕಂಡವನು. ಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೀನು ಮುರಿದು ಬಾಯಿಗೆ ಹಾಕಿಕೊಂಡು, ಲೋಟ ಎತ್ತಿ ಕುಡಿದಳು.

"ಉಳಿ ಅದೆ ಕನಿ," ಎಂದಳು. "ಉಣ್ಸೆ ಉಳಿ ಅಲ್ಲ. ದೋರೆ ದ್ರಾಕ್ಷಿ ಸಿಪ್ಪೆ ಕಚ್ಚುದ್ರೆ ಬತ್ತದಲ್ಲ, ಆ ಉಳಿ. ಮೀನಿನ್ ಜಿಡ್ಡೆಲ್ಲ ತೊಳ್ಕಂಡೋಯ್ತದೆ. ಅದ್ರ ಇಂದೇನೇ ಹಸಿ ಹುಲ್ಲಿನ್ ವಾಸ್ನೆ."

"ಆಮೇಕೆ?"

"ಆಮೇಕೆ ಇನ್ನೊಂದ್ ತುಂಡು ತಿನ್ನವ ಅನ್ನುಸ್ತದೆ."

ಭಾವ ಕಣ್ಣು ಮುಚ್ಚಿಕೊಂಡರು. ಅವಳು ತಿಂದಳು, ಕುಡಿದಳು, ಹೇಳಿದಳು. ಬಂಗಡೆ ಸಾರಿಗೆ ಸಿಹಿಯದು ಬಗ್ಗಿಸಿಕೊಂಡು, ಇದು ಖಾರವನ್ನು ನೆತ್ತಿಗೇರಲು ಬಿಡುವುದಿಲ್ಲ, ಕರೆದು ಕೂರಿಸಿಕೊಳ್ಳುತ್ತದೆ ಎಂದಳು. ಅವಳು ಹೇಳಿದಂತೆಲ್ಲ ಭಾವನ ದವಡೆ ಬರಿದೇ ಆಡುತ್ತಿತ್ತು.

ಆಪರೇಷನ್ ಆಯಿತು. ಆ ದೊಡ್ಡ ಗಂಟಲಿನಿಂದ ಆಮೇಲೆ ಮಾತು ಬರಲಿಲ್ಲ. ಕೊಳವೆಯಲ್ಲಿ ಗಂಜಿ ಇಳಿಸಿಕೊಂಡು ಕೆಲವು ತಿಂಗಳು ಇದ್ದರು. ರೋಗ ಬೇರೆ ಕಡೆ ಕಾಣಿಸಿಕೊಂಡು ಒಂದು ಬೆಳಿಗ್ಗೆ ಹೋದರು. ಅಕ್ಕ ನಮ್ಮ ಜೊತೆ ಮದ್ದೂರಿಗೆ ಬಂದಳು. ನಮಗೆಲ್ಲ ಮೀನು ಮಾಡಿ ಬಡಿಸುತ್ತಾಳೆ, ತಾನು ಮುಟ್ಟುವುದಿಲ್ಲ. ಯಾಕೆ ಎಂದು ನಾನೂ ಕೇಳಲು ಹೋಗಿರಲಿಲ್ಲ. ಅವತ್ತು ಅವಳು ಹೇಳಿದ್ದೆಲ್ಲ ಭಾವನ ಸಮಾಧಾನಕ್ಕೆ ಕಟ್ಟಿದ ಮಾತು, ಆ ಹುಲ್ಲಿನ ವಾಸನೆ ನನ್ನ ವಿಡಿಯೋದಿಂದ ಕಿವಿಗೆ ಬಿದ್ದದ್ದು ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಗಂಡನಿಗಾಗಿ ವಿಷದಂಥದ್ದನ್ನು ಕುಡಿದು, ಸಿಹಿಯಾದ ಸುಳ್ಳು ಹೇಳಿದಳಲ್ಲ ಎಂದು ನೆನೆಸಿಕೊಂಡಾಗ ಒಳಗೆ ಎಲ್ಲೋ ತಂಪಾಗುತ್ತಿತ್ತು.

ಮೊನ್ನೆ ಮಂಡ್ಯದಿಂದ ಮನೆಗೆ ಬಂದವನು ಚೀಲ ಅಡುಗೆಮನೆಯಲ್ಲಿಟ್ಟು ಅಲ್ಲೇ ನಿಂತೆ. ಇನ್ನು ತಡೆಯಲಾಗದೆ ಆ ಮಾತನ್ನೇ ಹೇಳಿಬಿಟ್ಟೆ: ಅವತ್ತು ನೀನು ಅಷ್ಟೊಂದು ಸುಳ್ಳನ್ನು ಹೇಗೆ ಹೇಳಿದೆಯಕ್ಕ ಎಂದೆ. ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಸುಳ್ ಯೋಳ್ನಿಲ್ಲ ಕಣ್ಲಾ," ಎಂದಳು. "ನಿಜ್ವಾಗ್ಲೂ ಚೆಂದಾಗಿತ್ತು. ಜೀವಮಾನ್ದಲ್ಲೇ ಅಂತ ಊಟ ಮಾಡಿರ್ನಿಲ್ಲ ನಾನು. ಅವ್ರು ಎದ್ರುಗೆ ಹಸ್ಕಂಡು ಕೂತಿದ್ರು, ನನ್ ಬಾಯ್ಗೆ ಮಾತ್ರ ರುಚಿ ಅತ್ತಿತ್ತು. ಅದ್ನ ಯಾರ್ತಾವ್ ಯೋಳ್ಕಳ್ಳಿ?"

ಇಷ್ಟು ವರ್ಷ ನಾನು ತಂಪು ಮಾಡಿಕೊಂಡದ್ದು ಅವಳ ಉರಿಯಿಂದ ಎಂದು ಆಗ ತಿಳಿಯಿತು. ನೀನು ಅವರಿಗೆ ಕೊಡಬಹುದಾಗಿದ್ದುದು ಅದೊಂದೇ, ಕೊಟ್ಟೆ ಎಂದೇನೋ ಅಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಚೀಲ ಎಳೆದುಕೊಂಡು, ಬಿಸಿಲಲ್ಲಿ ತಂದಿದ್ದೀಯ, ಕೆಟ್ಟುಹೋಗುತ್ತದೆ ಎಂದು ಮೀನು ತೊಳೆಯಲು ಕೂತಳು.

ಮಧ್ಯಾಹ್ನ ಎಲ್ಲರಿಗೂ ಬಡಿಸಿ ಆದ ಮೇಲೆ ಅಕ್ಕ ಕಡೆಗೆ ತನ್ನ ತಟ್ಟೆ ತಂದು ನನ್ನ ಎದುರು ಕೂತಳು. ಅನ್ನದ ಪಕ್ಕದಲ್ಲಿ ಒಂದು ತುಂಡು ಮೀನಿತ್ತು. ಅದನ್ನು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಚಿಕ್ಕದಾಗಿ ಮುರಿದು ಬಾಯಿಗಿಟ್ಟುಕೊಂಡು, ತಲೆ ಬಗ್ಗಿಸಿ ನಿಧಾನವಾಗಿ ಅಗಿಯತೊಡಗಿದಳು.

ಹೇಗಿದೆ ಎಂದು ನಾನು ಕೇಳಲಿಲ್ಲ.