ಸಾಲಾವಳಿ ಪೆಟ್ಟಿಗೆ

ಗಂಡಸಿ ರಸ್ತೆಯ ಆ ಶೆಡ್ಡಿನಲ್ಲಿ ನಾನೂ ನಮ್ಮ ಯಜಮಾನರೂ ಒಂದೇ ಯಂತ್ರದಲ್ಲಿ ಕೆಲಸ ಮಾಡಿದವರು. ಗಾಳಿ ತೆಗೆದ ಉಕ್ಕಿನ ಗೂಡಿನೊಳಗೆ ಪ್ಲಾಸ್ಟಿಕ್ ಸಾಮಾನು ಇಟ್ಟು ರೇಡಿಯೋ ಅಲೆಯ ಕರೆಂಟು ಕೊಟ್ಟರೆ, ಉಳಿದ ಚೂರು ಗಾಳಿ ಪ್ಲಾಸ್ಮಾ ಆಗಿ ಹೊಳೆಯುತ್ತದೆ. ಆ ಬೆಳಕು ತಾಗಿದ ಪ್ಲಾಸ್ಟಿಕ್ಕಿಗೆ ಆಮೇಲೆ ಬಣ್ಣ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ತಟ್ಟೆಯಲ್ಲಿ ಜೋಡಿಸುವುದು ನನ್ನ ಕೆಲಸ, ಕರೆಂಟು ಅವರದು.

ಕರೆಂಟು ಕಳಿಸುವ ಯಂತ್ರಕ್ಕೂ ಗೂಡಿಗೂ ನಡುವೆ ಎರಡು ನಾಬುಗಳ ಒಂದು ಪೆಟ್ಟಿಗೆ ಇತ್ತು. ಯಂತ್ರವನ್ನೂ ಗೂಡನ್ನೂ ಒಂದಕ್ಕೊಂದು ಹೊಂದಿಸುವುದು ಅದರ ಕೆಲಸ. ಹೊಂದದಿದ್ದರೆ ಕಳಿಸಿದ ಕರೆಂಟು ಒಳಗೆ ಹೋಗದೆ ಹಿಂದಕ್ಕೆ ಬಂದು ಯಂತ್ರವನ್ನೇ ಬಿಸಿ ಮಾಡುತ್ತದೆ. ಇಂಜಿನಿಯರರು ಅದನ್ನು ಮ್ಯಾಚಿಂಗ್ ಬಾಕ್ಸ್ ಎನ್ನುತ್ತಿದ್ದರು. ನಮ್ಮ ಯಜಮಾನರಿಗೆ ಅದು ಸಾಲಾವಳಿ ಪೆಟ್ಟಿಗೆ. ಗಂಡು ಹೆಣ್ಣಿನ ಜಾತಕ ಕೂಡಿಸಿ ನೋಡುವುದಕ್ಕೆ ನಮ್ಮ ಕಡೆ ಸಾಲಾವಳಿ ಎನ್ನುತ್ತಾರೆ. ನಮ್ಮಿಬ್ಬರದು ಊರ ಜೋಯಿಸರ ಹತ್ತಿರ ಕೂಡಿರಲಿಲ್ಲ. ಮಾವನವರು ಬಾಣಾವರದ ಇನ್ನೊಬ್ಬರಲ್ಲಿಗೆ ಹೋಗಿ ಕೂಡಿಸಿಕೊಂಡು ಬಂದಿದ್ದರು. ಪೆಟ್ಟಿಗೆ ಮೊಂಡು ಹಿಡಿದ ದಿನ ಯಜಮಾನರು, ಇದನ್ನೂ ಬಾಣಾವರಕ್ಕೆ ಕರ್ಕೊಂಡ್ ಹೋಗ್ಬೇಕು ಕಣೇ ಎಂದು ನಗಿಸುತ್ತಿದ್ದರು.

ಹಿಂದಿರುಗುವ ಕರೆಂಟನ್ನು ತೋರಿಸುವ ಮುಳ್ಳು ಅವರ ಕಡೆ, ಒಳಗಿನ ಬೆಳಕು ಕಾಣುವ ಗಾಜಿನ ಕಿಂಡಿ ನನ್ನ ಕಡೆ. ಮುಳ್ಳು ಸೊನ್ನೆಗೆ ಇಳಿದರಷ್ಟೇ ಸಾಲದು. ಒಮ್ಮೊಮ್ಮೆ ಬೆಳಕು ತಟ್ಟೆಯ ಮೇಲೆ ಹರಡದೆ ಮೂಲೆಯ ಕೊಳವೆಗೆ ಹೋಗಿ ಕೂರುತ್ತಿತ್ತು. ಅದಕ್ಕೇ ಆ ಕಡೆಯಿಂದ ಕೇಳುತ್ತಿದ್ದರು.

"ಬಂತೇನೇ?"

"ಇನ್ನೂ ಮೂಲೇಲೇ ಐತೆ ಕಣ್ರೀ."

ಮತ್ತೆ ತಿರುಗಿಸುತ್ತಿದ್ದರು. ನೇರಳೆ ಬಣ್ಣ ತಟ್ಟೆಯ ತುಂಬ ಹರಡಿದಾಗ ನಾನು ಬಂತು ಎನ್ನುತ್ತಿದ್ದೆ. ದಿನವೆಲ್ಲ ನಮ್ಮ ಮಾತು ಇಷ್ಟೇ. ಮನೆಯಲ್ಲೂ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಕಾರ್ತಿಕದಲ್ಲಿ ಎದೆನೋವೆಂದು ಹಾಸನಕ್ಕೆ ಹೊರಟವರು ದಾರಿಯಲ್ಲೇ ಹೋದರು. ಕರ್ಮಗಳೆಲ್ಲ ಮುಗಿದ ಮೇಲೆ ನಾನು ಕೆಲಸಕ್ಕೆ ಮರಳಿದೆ. ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು. ತಾನೇ ಹೊಂದಿಸಿಕೊಳ್ಳುವ ಹೊಸ ಪೆಟ್ಟಿಗೆ ಬರುತ್ತದೆ, ಹಳೆಯದನ್ನು ಗುಜರಿಗೆ ಹಾಕೋಣ ಎಂದರು ಮಾಲೀಕರು. ನನಗೆ ಒಂದೇ ಭಯ: ಅದು ಹೋದರೆ ಆ ಕಡೆಯಿಂದ ಕೇಳುವ ಮಾತೂ ಹೋಗುತ್ತದೆ. ಕೇಳುವವರೇ ಇಲ್ಲವೆಂದು ನನಗೆ ಗೊತ್ತಿಲ್ಲವೆಂದಲ್ಲ. ಆದರೂ ಆ ಎರಡು ನಾಬುಗಳು ಅಲ್ಲಿದ್ದಷ್ಟು ದಿನ ನನ್ನ ಕಿವಿ ಕಾಯುತ್ತಿತ್ತು.

ಹೊಸದನ್ನು ಕೂರಿಸಿದ ದಿನ ಅದರೊಳಗೆ ಪುಟ್ಟ ಮೋಟರೊಂದು ಗುಂಯ್ ಎಂದು ತಿರುಗಿ ನಿಂತಿತು. ಹಿಂದಿರುಗುವ ಕರೆಂಟು ಸೊನ್ನೆ. ನಾನು ಅಭ್ಯಾಸದಂತೆ ಕಿಂಡಿಗೆ ಬಗ್ಗಿದೆ. ತಟ್ಟೆಯ ತುಂಬ ನೇರಳೆ ಬೆಳಕು, ಎಲ್ಲೂ ಚದುರದೆ, ಸಮವಾಗಿ. ಅವರ ಕೈಯಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಅದನ್ನು ಅವರಿಗೇ ಹೇಳಬೇಕೆನಿಸಿತು.

"ಬಂತು ಕಣ್ರೀ," ಎಂದೆ.

ತಮಗೇ ಹೇಳಿದೆನೆಂದುಕೊಂಡ ಮಾಲೀಕರು, ಇನ್ಮೇಲೆ ಬಗ್ಗಿ ನೋಡೋದ್ ಬೇಡ ಬಿಡಮ್ಮ, ಅದೇ ನೋಡ್ಕೊತೈತೆ ಎಂದರು. ನಾನು ಕಿಂಡಿಯಿಂದ ಮುಖ ತೆಗೆಯಲಿಲ್ಲ.