ಬೊಮ್ಮು ಗೌಡ ಹಾಸಿದ ಕಲ್ಲು

ಬೊಮ್ಮು ಗೌಡ ಶುಕ್ರವಾರ ಮಧ್ಯಾಹ್ನ ಸತ್ತ. ಹೆದ್ದಾರಿ ಬದಿಯ ಹೊಸ ಬಸ್ ನಿಲ್ದಾಣದ ನೆಲದ ಮೇಲೆ. ಅರವತ್ತೇಳು ವರ್ಷ. ಎದೆ ನಿಂತಿತೆಂದು ಕಾರವಾರದ ವೈದ್ಯರು ಬರೆದುಕೊಟ್ಟರು.

ಹಾರವಾಡದಿಂದ ಅಂಕೋಲೆಯವರೆಗೆ ಅವನು ಕಟ್ಟಿದ ಮನೆಗಳಿವೆ. ಪಡುವಣ ಗೋಡೆಗೆ ಮೂರು ಮೊಳ ಸೂರು ಬಿಡದೆ ಅವನು ಯಾರ ಮನೆಯನ್ನೂ ಮುಗಿಸಿದವನಲ್ಲ.

ಬಸ್ ನಿಲ್ದಾಣದ ನಕ್ಷೆ ತಂದವನು ಇಂಜಿನಿಯರ್ ಉಮೇಶ. ಮುಂದೆಲ್ಲ ಗಾಜು, ಮೇಲೆ ರೆಕ್ಕೆಯಂತೆ ಬಾಗಿದ ಶೀಟು, ಕೆಳಗೆ ಕನ್ನಡಿಯಂಥ ಗ್ರಾನೈಟ್. ಬಾಗಿಲು ಪಡುವಣಕ್ಕೆ. ಸೂರು ಒಂದು ಗೇಣೂ ಇಲ್ಲ.

"ಒಡ್ಯಾ, ಮಳೆ ಸೀದಾ ಒಳಗೇ ಬತ್ತದೆ. ನೀರು ಬಿದ್ರೆ ಈ ಕಲ್ಲು ಲೋಳೆ."

"ಏರ್‌ಪೋರ್ಟ್ ಮಾದರಿ ಇದು, ಬೊಮ್ಮು. ನೋಡಿದ್ಯಾ ನೀನು ಏರ್‌ಪೋರ್ಟು?"

"ಇಲ್ಲ. ಅಲ್ಲಿಗೆ ಜನ ಕಾರಲ್ಲಿ ಬತ್ರು. ಇಲ್ಲಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕಂಡು, ಬುಟ್ಟಿ ಹೊತ್ಕಂಡು ಬತ್ರು."

ಕೂಲಿಯವರು ನಕ್ಕರು. ಉಮೇಶ ನಗಲಿಲ್ಲ. ನಕ್ಷೆಯಲ್ಲಿದ್ದಂತೆ ಹಾಸು, ಇಲ್ಲವಾದರೆ ಎದ್ದು ಹೋಗು ಅಂದ. ಬೊಮ್ಮು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ತಪ್ಪೆಂದು ತನಗೇ ಗೊತ್ತಿದ್ದ ಕೆಲಸವನ್ನು ಜೀವನದಲ್ಲಿ ಮೊದಲ ಸಲ, ಮಟ್ಟಗೋಲು ಇಟ್ಟು, ಅಚ್ಚುಕಟ್ಟಾಗಿ ಮುಗಿಸಿಕೊಟ್ಟ.

ಈ ಜೂನ್‌ನಲ್ಲಿ ಅವನ ಹೆಂಡತಿ ತಿಮ್ಮಿ ಹರಿವೆ ಸೊಪ್ಪಿನ ಬುಟ್ಟಿ ಹೊತ್ತು ಅಂಕೋಲೆಯ ಬಸ್ಸಿಗೆ ಬಂದವಳು, ಒಳಗೆ ಕಾಲಿಟ್ಟ ಕೂಡಲೇ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಮಲಗಿದಲ್ಲಿಂದ ಗಂಡನಿಗೆ ಅವಳು ಹೇಳಿದ್ದು ಒಂದೇ ಮಾತು:

"ನೀ ಹಾಸಿದ ಕಲ್ಲೇ ಅಲ್ದಾ ಅದು?"

ಆಮೇಲೆ ಅವಳು ಅವನ ಕೈಯ ಗಂಜಿ ಕುಡಿಯಲಿಲ್ಲ. ಸೊಸೆ ಪೂಜಾ ಕೊಟ್ಟರೆ ಕುಡಿಯುತ್ತಿದ್ದಳು.

ಬೊಮ್ಮು ನಾಲ್ಕು ಸಲ ಉಮೇಶನ ಕಚೇರಿ ಮೆಟ್ಟಿಲು ಹತ್ತಿದ. ಕಲ್ಲು ಬದಲಿಸಿ, ನಾನೇ ಕೂಲಿಯಿಲ್ಲದೆ ಹಾಸುತ್ತೇನೆ ಅಂದ. ನಾಲ್ಕನೆಯ ಸಲ ಉಮೇಶ, "ಜನಕ್ಕೆ ನಡೆಯೂಕೆ ಬರಬೇಕು ಮಾರಾಯಾ" ಅಂದ. ಅಷ್ಟರಲ್ಲಿ ಕಟ್ಟಡಕ್ಕೆ ಪ್ರಶಸ್ತಿ ಬಂದು, ಗೋಡೆಗೆ ಫಲಕವೂ ಏರಿತ್ತು. ಇಂಥವಕ್ಕೆ ಪ್ರಶಸ್ತಿ ಕೊಡುವವರು ಮಳೆಗಾಲದಲ್ಲಿ ಬಂದು ನೋಡುವುದಿಲ್ಲ.

ಸವೆದು ನುಣುಪಾದ ರುಬ್ಬುಕಲ್ಲಿಗೆ ಉಳಿಪೆಟ್ಟು ಹಾಕಿ ಒರಟು ಮಾಡುವುದು ಬೊಮ್ಮುವಿಗೆ ಅಪ್ಪನಿಂದ ಬಂದ ಕೆಲಸ. ಶುಕ್ರವಾರ ಬೆಳಿಗ್ಗೆ, ಮಳೆಯಲ್ಲೇ, ಉಳಿ ಸುತ್ತಿಗೆ ಹಿಡಿದು ನಿಲ್ದಾಣಕ್ಕೆ ಹೋದ. ಬಾಗಿಲಿನಿಂದ ಶುರುಮಾಡಿ ಆ ಗ್ರಾನೈಟಿಗೂ ಹಾಗೆಯೇ ಸಾಲುಸಾಲಾಗಿ ಹೊಡೆಯತೊಡಗಿದ. ಸುದ್ದಿ ತಿಳಿದು ಉಮೇಶ ಓಡಿ ಬಂದ.

"ಸರ್ಕಾರಿ ಆಸ್ತಿ ಅದು! ಪೊಲೀಸ್ರನ್ನ ಕರಿತೆ!"

"ಕರಿ. ಜಾರದ ಹಾಂಗೆ ಬರೂಕೆ ಹೇಳು."

ಬಸ್ಸಿಗೆ ಕಾದಿದ್ದ ಹೆಂಗಸರು ಬುಟ್ಟಿಗಳನ್ನು ಅಡ್ಡ ಇಟ್ಟು ಕೂತರು. ಉಮೇಶನಿಗೆ ದಾರಿ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕಲ್ಲು ಮುಗಿದಿದ್ದವು. ಬೊಮ್ಮು ಎದ್ದ. ಮಳೆನೀರು ಹರಿಯುತ್ತಿದ್ದ ಕಲ್ಲನ್ನು ಬರಿಗಾಲಿನಿಂದ ಒತ್ತಿ ಉಜ್ಜಿ ನೋಡಿದ. ಕಾಲು ನಿಂತಿತು. ಮತ್ತೆ ಕುಳಿತು ಹನ್ನೆರಡನೆಯ ಕಲ್ಲಿಗೆ ಉಳಿ ಇಟ್ಟ.