ನಾಲ್ಕನೆಯ ಸೀಟು

ನನ್ನ ಹೆಂಡತಿಯ ಅಣ್ಣನ ಜೊತೆ ಐದು ದಿನ ಒಂದೇ ಜೀಪಿನಲ್ಲಿ ಕೂರುವುದು ನನಗೆ ಬೇಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಬರೆಯುವುದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಕಾಣಲೆಂದು ಆಸೆಪಟ್ಟದ್ದೆಷ್ಟು ಎಂಬುದು ಈಗ ನನಗೇ ಗೊತ್ತಾಗುವುದಿಲ್ಲ.

ಎಂಬತ್ತರ ದಶಕದ ಕೊನೆ. ನಾನು ನೈರೋಬಿಗೆ ಬಂದು ಮೂರು ವರ್ಷವಾಗಿತ್ತು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದೆ, ಕಿಲೆಲೆಶ್ವಾದ ಒಂದು ಫ್ಲ್ಯಾಟಿನಲ್ಲಿದ್ದೆ. ದೊಡ್ಡ ಪ್ರಾಣಿಗಳ ಬೇಟೆಯನ್ನು ಸರ್ಕಾರ ಎಂದೋ ನಿಲ್ಲಿಸಿತ್ತು. ಹಕ್ಕಿ ಹೊಡೆಯಲು ಮಾತ್ರ ಪರವಾನಗಿ ಸಿಗುತ್ತಿತ್ತು. ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದ ಮಂಗಳೂರಿನ ಕಂಟ್ರಾಕ್ಟರೊಬ್ಬರು ವರ್ಷಕ್ಕೊಮ್ಮೆ ಉತ್ತರದ ಒಣ ಸೀಮೆಗೆ ಗಿನಿಕೋಳಿ ಬೇಟೆಗೆ ಹೋಗುತ್ತಿದ್ದರು. ಹೋಗಲು ಎರಡು ದಿನ, ಬರಲು ಎರಡು ದಿನ. ಹಿಂದಿನ ವರ್ಷ ನನ್ನನ್ನೂ ಕರೆದೊಯ್ದಿದ್ದರು. ಜೀಪಿನಲ್ಲಿ ನಾಲ್ಕು ಜನಕ್ಕೆ ಜಾಗ. ಅವರು, ನಾನು, ಅವರ ವಯಸ್ಸಾದ ಡ್ರೈವರು, ಮತ್ತೊಬ್ಬರು. ಆ ಡ್ರೈವರನ್ನು ಎಲ್ಲರೂ 'ಮ್ಜೇ' ಎಂದು ಕರೆಯುತ್ತಿದ್ದೆವು. ಅಲ್ಲಿ ಹಿರಿಯರನ್ನು ಕರೆಯುವುದೇ ಹಾಗೆ.

ಮತ್ತೊಬ್ಬರನ್ನು ಆರಿಸುವ ಕೆಲಸ ಆ ವರ್ಷ ನನಗೆ ಬಂತು. "ನೀವು ಓದಿದವರು, ನೀವೇ ನೋಡಿ," ಎಂದರು ಕಂಟ್ರಾಕ್ಟರು. "ಗುರಿ ಇಲ್ಲದಿದ್ದರೆ ತೊಂದರೆ ಇಲ್ಲ ಮಾರಾಯ್ರೆ, ಹಕ್ಕಿ ಬದುಕಿಕೊಳ್ತದೆ. ಟಯರು ಪಂಕ್ಚರ್ ಆದರೆ ಮುಖ ಊದಿಸಿಕೊಂಡು ಕೂರುವವ ಬೇಡ. ನೀರಿನ ಕ್ಯಾನು ಒಬ್ಬನೇ ಖಾಲಿ ಮಾಡುವವ ಬೇಡ. ಮತ್ತೆ, ಅವ ಕೋವಿ ಹಿಡಿದು ಹಿಂದೆ ಬರುವಾಗ ನನ್ನ ಬೆನ್ನು ಜುಂ ಅನ್ನಬಾರದು. ಇಷ್ಟೇ."

ಮೊದಲು ನನ್ನ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅಲ್ಲಿ ಬಿಸಿನೀರು ಸಿಗುತ್ತದೆಯೇ ಎಂದರು. ಅವರ ಹೆಸರು ಅಲ್ಲಿಗೇ ಬಿತ್ತು. ಅಷ್ಟರಲ್ಲಿ ಸುದ್ದಿ ಭಾವನ ಕಿವಿಗೆ ಮುಟ್ಟಿತು.

ಭಾವ ಡಾಕ್ಟರು. ನನಗಿಂತ ಎಷ್ಟೋ ವರ್ಷ ಮೊದಲು ಬಂದು ಸ್ವಂತ ಕ್ಲಿನಿಕ್ ಇಟ್ಟವರು. ನಮಗೆ ಫ್ಲ್ಯಾಟ್ ಹುಡುಕಿಕೊಟ್ಟವರು, ಗ್ಯಾಸ್ ಕೊಡಿಸಿದವರು, ಅದನ್ನು ಯಾರ ಮುಂದೆಯೂ ಹೇಳದೆ ಬಿಟ್ಟವರಲ್ಲ. ಭಾನುವಾರದ ಊಟಕ್ಕೆ ಅವರ ಮನೆಗೆ ಹೋದಾಗ ಬಡಿಸುತ್ತಲೇ ಶುರುಮಾಡಿದರು. "ಏನ್ ಮೇಷ್ಟ್ರೇ, ಮನೇಲೇ ಒಬ್ಬ ಇದೀನಿ, ಊರೆಲ್ಲ ಹುಡುಕ್ತಿದೀರಂತೆ?"

ಹೆಂಡತಿ ನನ್ನ ಮುಖ ನೋಡಿದಳು. "ನಿಮ್ಮನ್ನೇ ಕೇಳೋಣ ಅಂತಿದ್ದೆ ಭಾವ," ಎಂದೆ. ಶುದ್ಧ ಸುಳ್ಳು.

ಹೊಸಬರನ್ನು ದೂರ ಕರೆದೊಯ್ಯುವ ಮೊದಲು ಒಂದು ದಿನ ಹತ್ತಿರದಲ್ಲೇ ಪರೀಕ್ಷಿಸುವುದು ಕಂಟ್ರಾಕ್ಟರರ ಪದ್ಧತಿ. ಮುಂದಿನ ಭಾನುವಾರ ಕಸರಾನಿಯಿಂದಾಚೆ ಪರಿಚಯದವರ ಜಮೀನಿಗೆ ಹೋದೆವು. ಭಾವ ಎಲ್ಲಾದರೂ ಎಡವಲಿ ಎಂದು ಕಾಯುತ್ತಿದ್ದೆ. ಅವರು ಎಡವಲಿಲ್ಲ. ಜೀಪು ಕಪ್ಪು ಮಣ್ಣಿನಲ್ಲಿ ಹೂತಾಗ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಎಲ್ಲರಿಗಿಂತ ಮೊದಲು ಇಳಿದು ತಳ್ಳಿದರು. "ಮೇಷ್ಟ್ರು ಒಳಗೇ ಇರಲಿ, ತೂಕಕ್ಕೆ!" ಎಂದು ಕೂಗಿದರು. ಮ್ಜೇ ಕೂಡ ನಕ್ಕರು. ನಾನು ಒಳಗೆ ಕೂತಲ್ಲೇ ಅವರನ್ನು ಮನಸಾರೆ ದ್ವೇಷಿಸಿದೆ.

ಆಮೇಲೆ ತಂತಿಬೇಲಿ ಬಂತು. ಬೇಲಿಯ ಹತ್ತಿರ ಕಂಟ್ರಾಕ್ಟರರದು ಒಂದೇ ನಿಯಮ: ಕೋವಿಯನ್ನು ನಡುವಿಗೆ ಮಡಚಿ, ತೋಟಾ ಹೊರಗೆ ತೆಗೆದು, ಪಕ್ಕದವರ ಕೈಗೆ ಕೊಟ್ಟು, ಬರಿಗೈಯಲ್ಲಿ ದಾಟಬೇಕು. ಅವರೂ ಮ್ಜೇಯೂ ಆಗಲೇ ದಾಟಿ ಮುಂದೆ ಹೋಗುತ್ತಿದ್ದರು. ಭಾವ ಒಂದು ಕೈಯಲ್ಲಿ ತಂತಿ ಎತ್ತಿ ನುಸುಳಿದರು. ಇನ್ನೊಂದು ಕೈಯಲ್ಲಿ ಕೋವಿ ಇತ್ತು. ಮಡಚಿರಲಿಲ್ಲ. ಅವರು ಬಗ್ಗಿದಾಗ ನಳಿಗೆ ನೇರವಾಗಿ ಕಂಟ್ರಾಕ್ಟರರ ಬೆನ್ನಿಗಿತ್ತು.

ಹೀಗೆಂದು ನನ್ನ ನೆನಪು. ಬಾಯಿ ತೆರೆದಿದ್ದೂ ನೆನಪಿದೆ. ಆದರೆ ಮೂರು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು, ಅವರು ತಪ್ಪು ರಸ್ತೆಗೆ ಕಾರು ತಿರುಗಿಸಿದಾಗಲೆಲ್ಲ ಕಿಟಕಿಯಾಚೆ ನೋಡಿ ಅಭ್ಯಾಸವಾಗಿದ್ದ ನನಗೆ, ಇಬ್ಬರ ಎದುರು ಹೆಂಡತಿಯ ಅಣ್ಣನನ್ನು "ನಿಲ್ಲಿ" ಎಂದು ಗದರಿಸಲು ನಾಲಿಗೆ ಏಳಲಿಲ್ಲ. ಕೋವಿ ಸಿಡಿಯಲಿಲ್ಲ. ನಾನು ನಿಯಮದಂತೆ ತೋಟಾ ತೆಗೆದು, ಅವರ ಕೈಗೇ ಕೋವಿ ಕೊಟ್ಟು, ಬೇಲಿ ದಾಟಿದೆ.

ಸೋಮವಾರ ಸಂಜೆ ಕಂಟ್ರಾಕ್ಟರರನ್ನು ಕಾಣಲು ಪಾರ್ಕ್‌ಲ್ಯಾಂಡ್ಸ್‌ಗೆ ಹೋಗಿ, ಭಾವ ಬೇಡ, ಎಂದೆ. ಕಾರಣ ಹೇಳಿದೆ. ಕಂಟ್ರಾಕ್ಟರು ಎದ್ದು ಕ್ಲಿನಿಕ್ಕಿಗೆ ಫೋನ್ ಮಾಡಿದರು. ಹದಿನೈದು ನಿಮಿಷದಲ್ಲಿ ಭಾವ ಬಂದರು. ಇದನ್ನು ನಾನು ಎಣಿಸಿರಲಿಲ್ಲ.

"ಮಡಚಿರಲಿಲ್ವಾ?" ಎಂದರು ಭಾವ. "ಇರಬಹುದು. ನನಗೆ ಜ್ಞಾಪಕ ಇಲ್ಲ. ನೀವೆಲ್ಲಿದ್ರಿ?"

"ನಿಮ್ಮ ಹಿಂದೇನೇ."

"ಎಷ್ಟು ಹಿಂದೆ?"

"ನಾಲ್ಕು ಹೆಜ್ಜೆ."

"ನಾಲ್ಕು ಹೆಜ್ಜೆ ಹಿಂದೆ ನಿಂತು, ಬಾಯಲ್ಲಿ ಏನ್ ಇಟ್ಕೊಂಡಿದ್ರಿ ಮೇಷ್ಟ್ರೇ?"

ಕಂಟ್ರಾಕ್ಟರು ಮ್ಜೇಯನ್ನು ಕರೆಸಿ ಸ್ವಾಹಿಲಿಯಲ್ಲಿ ಕೇಳಿದರು. "ನಾನು ಮುಂದೆ ನೋಡುತ್ತಿದ್ದೆ, ಹಿಂದಿನದು ಗೊತ್ತಿಲ್ಲ," ಎಂದರು ಮ್ಜೇ. ಕೆಲವೊಮ್ಮೆ ನನಗೆ, ಅವರು ತಲೆಯಾಡಿಸಿ ನನ್ನ ಮಾತನ್ನು ಒಪ್ಪಿದರು ಎಂದು ನೆನಪಾಗುತ್ತದೆ. ಅದು ನನಗೆ ಅನುಕೂಲವಾದ ನೆನಪು. ಆದ್ದರಿಂದಲೇ ಅದನ್ನು ನಂಬುವುದಿಲ್ಲ.

"ಡಾಕ್ಟ್ರೇ," ಎಂದರು ಕಂಟ್ರಾಕ್ಟರು, "ಇನ್ನೊಮ್ಮೆ ಹಾಗೆ ಮಾಡಿದ್ರೆ ಅಲ್ಲಿಂದ ನೈರೋಬಿಗೆ ನಡಕೊಂಡು ಬರಬೇಕು ನೀವು." ಭಾವ ತಲೆ ತಗ್ಗಿಸಿ "ಆಯ್ತು" ಎಂದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಕಂಟ್ರಾಕ್ಟರು ನನ್ನ ಕಡೆ ತಿರುಗಿದರು. "ಕೋವಿ ಇದ್ದದ್ದು ನನ್ನ ಬೆನ್ನಿಗೆ. ಕಂಡದ್ದು ನೀವು. ನನಗೆ ಹೇಳಲಿಕ್ಕೆ ಒಂದು ದಿನ ಬೇಕಾಯ್ತಾ?"

"ಅವರು ನನ್ನ ಹೆಂಡತಿಯ ಅಣ್ಣ. ಎಲ್ಲರ ಎದುರು ಹೇಗೆ..."

"ನನ್ನ ಹೆಂಡತಿಗೂ ಗಂಡ ಅಂತ ಇರುವುದು ನಾನೊಬ್ಬನೇ ಮಾರಾಯ್ರೆ! ತಪ್ಪು ಮಾಡಿದವನಿಗೆ ಕಲಿಸಬಹುದು. ನೋಡಿಕೊಂಡು ಸುಮ್ಮನಿದ್ದವರನ್ನು ಎಂತ ಮಾಡುವುದು? ಈ ವರ್ಷ ನೀವು ಬರುವುದು ಬೇಡ."

ಹಿಂದಿರುಗುವಾಗ ಭಾವ ತಮ್ಮ ಕಾರಿನಲ್ಲಿ ಬಿಡುತ್ತೇನೆಂದರು. ನಾನು ಮಟಾಟು ವ್ಯಾನು ಹಿಡಿದೆ. ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, "ನಿಜವಾಗ್ಲೂ ನೋಡಿದ್ರಾ?" ಎಂದಳು.

"ನೋಡಿದೆ."

"ನೋಡಿದ್ರೆ ಕೂಗ್ತಿದ್ರಿ. ನೀವು ಅಷ್ಟು ಕೆಟ್ಟವರಲ್ಲ," ಎಂದು ಒಳಗೆ ಹೋದಳು.

ಅವಳು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿ ಕೊಲೆಗಡುಕನಾಗುವುದರಿಂದ ಉಳಿಸಿದ್ದಳು. ಎರಡರಲ್ಲಿ ಯಾವುದು ನಾನು ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ನಳಿಗೆ ಕಣ್ಣ ಮುಂದೆ ಬರುತ್ತದೆ. ಆದರೆ ಪ್ರತಿ ಸಲವೂ ಇನ್ನಷ್ಟು ಉದ್ದವಾಗಿ, ಇನ್ನಷ್ಟು ಹೊಳೆಯುತ್ತಾ ಬರುತ್ತದೆ. ಸೋಮವಾರದ ಮಾತಿಗೆ ಬೇಕಾಯಿತೆಂದು ಭಾನುವಾರವನ್ನು ನಾನೇ ತಿದ್ದಿಕೊಂಡೆನೋ ಏನೋ.

ಮೂವರೇ ಹೋದರು, ಐದು ದಿನ ಕಳೆದು ಬಂದರು. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮುಂದಿನ ಭಾನುವಾರ ಭಾವನ ಮನೆಯಲ್ಲಿ ಎಂದಿನಂತೆ ಊಟ. ಹೊರಗಿನವರೂ ನಾಲ್ಕಾರು ಮಂದಿ ಇದ್ದರು. ನನ್ನ ತಟ್ಟೆಗೆ ಸಾರು ಬಡಿಸಿ, ಸೌಟು ಹಿಡಿದುಕೊಂಡೇ ಭಾವ ಎಲ್ಲರಿಗೂ ಕೇಳುವಂತೆ ಹೇಳಿದರು: "ಉಪ್ಪು ಜಾಸ್ತಿ ಆಗಿದ್ರೆ ಇಲ್ಲೇ ಹೇಳ್ಬಿಡಿ ಮೇಷ್ಟ್ರೇ. ನಾಳೆ ಪಾರ್ಕ್‌ಲ್ಯಾಂಡ್ಸ್‌ಗೆ ಹೋಗಿ ಹೇಳ್ಬೇಡಿ."

ಎಲ್ಲರೂ ನಕ್ಕರು. ಉಪ್ಪು ಜಾಸ್ತಿಯೇ ಆಗಿತ್ತು.

"ಚೆನ್ನಾಗಿದೆ ಭಾವ," ಎಂದೆ.